ಕಾಫಿ ಬೀಜ ಗಿರಣಿಗೆ ತರಬೇಡಿ, ಮನೆಯಲ್ಲೇ ಬೀಸಿಕೊಳ್ಳಿ

ವಿಜಯಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ, ಕಡಲೆಬೇಳೆಗೆ ಒಂದು ಮಷಿನ್. ಒಣ ಮೆಣಸಿನಕಾಯಿ, ಮಸಾಲೆಗೆ ಇನ್ನೊಂದು. ಆಗಾಗ ಯಾರಾದರೂ ಸಣ್ಣ ಪೊಟ್ಟಣ ಹಿಡಿದುಕೊಂಡು ಬರುತ್ತಾರೆ. ಹೆಚ್ಚಾಗಿ ಹಾಸನ, ಚಿಕ್ಕಮಗಳೂರು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಮಾಸ್ತರರು. ಪೊಟ್ಟಣದಲ್ಲಿ ಹುರಿದ ಕಾಫಿ ಬೀಜ ಇರುತ್ತದೆ. "ಬೀಸಿಕೊಡ್ತೀರಾ?" ಎಂದು ಕೇಳುತ್ತಾರೆ. "ಆಗೂದಿಲ್ರಿ" ಎನ್ನುತ್ತೇನೆ. ದುಡ್ಡು ಬೇಡ ಅಂತಲ್ಲ. ಬೀಸಿಕೊಟ್ಟರೆ ಆ ಕಾಫಿ ಹಾಳು.

ಕಲ್ಲಿನಲ್ಲಿ ಜೋಳದ ಹಿಟ್ಟು ಎಷ್ಟು ಜಾಡಿಸಿದರೂ ಉಳಿದೇ ಉಳಿಯುತ್ತದೆ. ಮೆಣಸಿನಕಾಯಿ ಮಷಿನ್ ಬಗ್ಗೆ ಕೇಳಲೇಬೇಡಿ. ಕಾಫಿ ಬೀಜದಲ್ಲಿ ಎಣ್ಣೆ ಇದೆ, ಅದು ಕಲ್ಲಿಗೆ ಹಿಡಿದರೆ ಮುಂದೆ ಬೀಸುವವರ ಹಿಟ್ಟಿಗೂ ವಾಸನೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮಷಿನ್ ಬಿಸಿಯಾಗುತ್ತದೆ. ಗಿರಣಿಯಿಂದ ಹಿಟ್ಟು ತಂದವರಿಗೆ ಗೊತ್ತು, ಡಬ್ಬಿ ಹಿಡಿದರೆ ಕೈ ಬೆಚ್ಚಗಾಗುತ್ತದೆ. ಕಾಫಿಯ ಪರಿಮಳ ಆ ಬಿಸಿಗೆ ಅಲ್ಲೇ ಹಾರಿಹೋಗುತ್ತದೆ. ನೀವು ಮನೆಗೆ ಒಯ್ಯುವುದು ಬರೀ ಕಪ್ಪು ಪುಡಿ.

ನಾನು ಕಾಫಿ ಕುಡಿಯುವ ಗಿರಣಿಯವನು. ನಮ್ಮೂರಲ್ಲಿ ಇದು ಸ್ವಲ್ಪ ಅಪರೂಪ, ಎಲ್ಲರೂ ಚಹಾದ ಮಂದಿ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗುಡ್ಡದಲ್ಲಿ ನೆಟ್ಟರು ಎನ್ನುವ ಕಥೆ 17ನೇ ಶತಮಾನದ್ದು. ಆಗ ಇಲ್ಲಿ ಆದಿಲ್‌ಶಾಹಿಗಳ ಆಡಳಿತ. ಬೀಜ ಆ ಗುಡ್ಡ ಬಿಟ್ಟು ನಮ್ಮ ಕಡೆ ಬರಲೇ ಇಲ್ಲ ಅನ್ನಿ. ಹಾಗಾಗಿ ನಮ್ಮ ಮನೆಗಳಲ್ಲಿ ಕಾಫಿಯನ್ನೂ ಚಹಾದ ಹಾಗೇ ಮಾಡುತ್ತಾರೆ. ಹಾಲು, ನೀರು, ಸಕ್ಕರೆ, ಪುಡಿ ಎಲ್ಲ ಒಂದೇ ಪಾತ್ರೆಯಲ್ಲಿ ಹಾಕಿ ಕುದಿಸಿಬಿಡುತ್ತಾರೆ. ಆಮೇಲೆ "ಕಾಫಿ ಕಹಿ ಆಗ್ತದ" ಎಂದು ದೂರು. ಕುದಿಸಿದರೆ ಕಹಿ ಆಗದೆ ಇನ್ನೇನಾಗಬೇಕು?

ಬೀಜ ಕೊಳ್ಳುವಾಗ

ಗಾಂಧಿ ಚೌಕದ ಅಂಗಡಿಗಳಲ್ಲಿ ಪುಡಿಯ ಪಾಕೀಟು ಸಿಗುತ್ತದೆ. ಹುರಿದ ಬೀಜ ಬೇಕಾದರೆ ಆನ್‌ಲೈನ್ ತರಿಸಬೇಕು, ಇಲ್ಲ ಬೆಂಗಳೂರು, ಮೈಸೂರಿನಲ್ಲಿ ಇರುವ ನೆಂಟರಿಗೆ ಹೇಳಬೇಕು. ನನ್ನ ಅಳಿಯ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದಾಗಲೆಲ್ಲ ಅವನ ಚೀಲದಲ್ಲಿ ನನ್ನ ಕಾಲು ಕಿಲೋ ಇರಲೇಬೇಕು. ಕಾಲು ಕಿಲೋಗಿಂತ ಜಾಸ್ತಿ ತರಿಸಬೇಡಿ.

ಪಾಕೀಟಿನ ಮೇಲೆ ಹುರಿದ ದಿನ ಬರೆದಿದೆಯಾ ನೋಡಿ. ಹುರಿದು ನಾಲ್ಕೈದು ದಿನ ಆಗಿರಲಿ. ಹೊಸದಾಗಿ ಹುರಿದ ಬೀಜದೊಳಗೆ ಗ್ಯಾಸ್ ತುಂಬಿರುತ್ತದೆ, ಅದು ಸ್ವಲ್ಪ ಇಳಿಯಬೇಕು. ಅಲ್ಲಿಂದ ಒಂದು ತಿಂಗಳು ಬೀಜ ಚೆನ್ನಾಗಿರುತ್ತದೆ. ಪುಡಿ ಮಾಡಿದರೆ ಒಂದು ವಾರ, ಹೆಚ್ಚೆಂದರೆ ಎರಡು. ಹಳೇ ಜೋಳದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ಬಡಿಯುವಾಗಲೇ ರೊಟ್ಟಿ ಹರಿಯುತ್ತದೆ ಅಲ್ವಾ? ಹಳೇ ಕಾಫಿ ಪುಡಿಯೂ ಹಾಗೇ. ನೋಡಲು ಏನೂ ಆಗಿರುವುದಿಲ್ಲ, ಮಾಡಿದಾಗ ಗೊತ್ತಾಗುತ್ತದೆ.

ಹೆಸರುಗಳಿಗೆ ಹೆದರಬೇಡಿ. ಅರೇಬಿಕಾ, ರೋಬಸ್ಟಾ ಅಂದರೆ ಕಾಫಿಯ ಎರಡು ಮುಖ್ಯ ಜಾತಿ. 'ಪ್ಲಾಂಟೇಶನ್' ಎಂದರೆ ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಅರೇಬಿಕಾ. 'ಚೆರಿ' ಎಂದರೆ ಹಣ್ಣನ್ನು ಹಾಗೇ ಬಿಸಿಲಿಗೆ ಹಾಕಿ ಒಣಗಿಸಿದ್ದು. 'ಪೀಬೆರಿ' ಎಂದರೆ ಹಣ್ಣಿನೊಳಗೆ ಎರಡು ಚಪ್ಪಟೆ ಬೀಜದ ಬದಲು ಒಂದೇ ದುಂಡು ಬೀಜ ಇದ್ದದ್ದು. ಅರೇಬಿಕಾದಲ್ಲಿ ಪರಿಮಳ ಜಾಸ್ತಿ. ರೋಬಸ್ಟಾದಲ್ಲಿ ಕಹಿ, ಗಟ್ಟಿತನ ಜಾಸ್ತಿ, ಕೆಫೀನ್ ಹತ್ತಿರಹತ್ತಿರ ಎರಡು ಪಟ್ಟು. ಹಾಲು ಹಾಕಿ ಕುಡಿಯುವ ನಮಗೆ ಬರೀ ಅರೇಬಿಕಾ ತೆಳು ಅನಿಸುತ್ತದೆ. 70 ಭಾಗ ಅರೇಬಿಕಾ, 30 ಭಾಗ ರೋಬಸ್ಟಾ ನನಗೆ ಸರಿಹೋಗಿದೆ.

ಚಿಕೋರಿ ಬಗ್ಗೆ ಜಗಳ ಬೇಡ. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ಬಣ್ಣ, ಮಂದ ಕೊಡುತ್ತದೆ. ನೂರರಲ್ಲಿ ಹದಿನೈದು ಭಾಗ ಇದ್ದರೆ ಚಲೋ. ಪಾಕೀಟು ಕೊಳ್ಳುವವರು ಹಿಂದೆ ತಿರುಗಿಸಿ ಓದಿ. ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇದ್ದರೆ ಸಾಕು. ಅಂದರೆ ಹತ್ತಿರಹತ್ತಿರ ಅರ್ಧ ಚಿಕೋರಿಯನ್ನೇ ನೀವು ಕಾಫಿ ಎಂದು ಕುಡಿಯುತ್ತಿರಬಹುದು. ಚಿಕೋರಿಯನ್ನು ಬೀಜದ ಜೊತೆ ಹಾಕಿ ಬೀಸಬೇಡಿ. ಅದು ಗಾಳಿಯ ತೇವ ಎಳೆದುಕೊಂಡು ಗ್ರೈಂಡರ್ ಒಳಗೆ ಮೆತ್ತಿಕೊಳ್ಳುತ್ತದೆ. ಬೀಸಿದ ಮೇಲೆ ಬೆರೆಸಿ.

ಬೀಸುವುದು

ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರಾಗಬೇಡಿ.

ಮಿಕ್ಸಿಯ ಬ್ಲೇಡ್ ಬೀಸುವುದಿಲ್ಲ, ಕತ್ತರಿಸುತ್ತದೆ. ಬ್ಲೇಡಿಗೆ ಎಷ್ಟು ಸಲ ಸಿಕ್ಕಿತೋ ಅಷ್ಟು ಸಣ್ಣ. ಹಾಗಾಗಿ ಒಂದೇ ಜಾರಿನಲ್ಲಿ ಧೂಳೂ ಇರುತ್ತದೆ, ಅರ್ಧ ಒಡೆದ ಬೀಜವೂ ಇರುತ್ತದೆ. ಬಿಸಿನೀರು ಬಿದ್ದಾಗ ಧೂಳಿನಿಂದ ಕಹಿ ಎಲ್ಲ ಇಳಿದುಬಿಡುತ್ತದೆ. ದಪ್ಪ ಚೂರಿನಿಂದ ಹುಳಿ ಮಾತ್ರ ಇಳಿಯುತ್ತದೆ, ರುಚಿ ಒಳಗೇ ಉಳಿಯುತ್ತದೆ. ಒಂದೇ ಲೋಟದಲ್ಲಿ ಕಹಿಯೂ ಹುಳಿಯೂ ಬರುವುದು ಇದಕ್ಕೇ. ಗಿರಣಿಯಲ್ಲಿ ಎರಡು ಕಲ್ಲಿನ ನಡುವೆ ಒಂದು ಸಂದು ಇರುತ್ತದೆ. ಆ ಸಂದಿಗಿಂತ ದಪ್ಪ ಇರುವುದು ಹೊರಗೆ ಬರಲಾರದು. ಕಾಫಿಯ ಕೈ ಗ್ರೈಂಡರಿನಲ್ಲೂ ಇದೇ ಕೆಲಸ. ಕಲ್ಲಿನ ಬದಲು ಹಲ್ಲುಗಳಿರುವ ಸ್ಟೀಲ್ ಅಥವಾ ಸೆರಾಮಿಕ್ ತುಂಡುಗಳು. ಕೆಳಗಿನ ತಿರುಪು ತಿರುಗಿಸಿದರೆ ಸಂದು ಹಿಗ್ಗುತ್ತದೆ, ಕುಗ್ಗುತ್ತದೆ. ಆಗುವುದಾದರೆ ಸ್ಟೀಲಿನದು ಕೊಳ್ಳಿ, ಬೇಗ ಬೀಸುತ್ತದೆ. ಕೈಯಲ್ಲಿ ನಿಧಾನಕ್ಕೆ ತಿರುಗಿಸುವುದರಿಂದ ಪುಡಿ ಬಿಸಿಯೂ ಆಗುವುದಿಲ್ಲ.

ಎಷ್ಟು ಸಣ್ಣ ಬೀಸಬೇಕು? ಯಂತ್ರದ ಮೇಲಿನ ನಂಬರು ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು. ಬೆರಳು ನಂಬಿ. ನಮ್ಮ ಅಡುಗೆಮನೆಯಲ್ಲೇ ಅಳತೆ ಇದೆ: ನುಚ್ಚು, ಇಡ್ಲಿ ರವಾ, ಸಣ್ಣ ರವಾ, ಹಿಟ್ಟು. ಸ್ಟೀಲ್ ಫಿಲ್ಟರಿಗೆ, ಅಂದರೆ ತಳದಲ್ಲಿ ಸಣ್ಣ ತೂತುಗಳಿರುವ ಪಾತ್ರೆ ಇನ್ನೊಂದರ ಮೇಲೆ ಕೂರುವಂಥದ್ದಕ್ಕೆ, ಸಣ್ಣ ರವಾದಷ್ಟು. ಬೆರಳ ನಡುವೆ ತಿಕ್ಕಿದರೆ ಕಾಳು ತಾಗಬೇಕು, ಆದರೆ ಚುಚ್ಚಬಾರದು. ಗಾಜಿನ ಜಾರಿನಲ್ಲಿ ನೆನೆಸಿ ಒತ್ತುವ ಫ್ರೆಂಚ್ ಪ್ರೆಸ್ ಇದ್ದರೆ ಇಡ್ಲಿ ರವಾದಷ್ಟು. ಹಿಟ್ಟಿನಷ್ಟು ಇವೆರಡಕ್ಕೂ ಬೇಡ.

ನಮ್ಮೂರಿನ ಒಣ ಹವೆಯಲ್ಲಿ ಒಂದು ತೊಂದರೆ ಇದೆ. ಚಳಿಗಾಲದಲ್ಲಿ ಪುಡಿ ಡಬ್ಬಿಯ ಗೋಡೆಗೆ ಅಂಟಿಕೊಳ್ಳುತ್ತದೆ, ಸುರಿದರೆ ಹಾರುತ್ತದೆ. ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತಿನ ಆಟ ಅದು. ಬೀಸುವ ಮೊದಲು ಬೀಜಕ್ಕೆ ಒಂದೇ ಒಂದು ಹನಿ ನೀರು ಚಿಮುಕಿಸಿ ಅಲ್ಲಾಡಿಸಿ. ಅಂಟುವುದು ನಿಲ್ಲುತ್ತದೆ. ಒಂದು ಹನಿ ಅಂದರೆ ಒಂದೇ ಹನಿ.

ಮಿಕ್ಸಿ ಬಿಟ್ಟು ಬೇರೆ ಇಲ್ಲ ಎನ್ನುವವರು ಚಟ್ನಿ ಜಾರ್ ತೆಗೆದುಕೊಳ್ಳಿ. ಮೊದಲು ಅದರಲ್ಲಿ ಒಂದು ಹಿಡಿ ಒಣ ಅಕ್ಕಿ ತಿರುಗಿಸಿ ಚೆಲ್ಲಿ, ಬೆಳ್ಳುಳ್ಳಿ ವಾಸನೆ ಹೋಗಲಿ. ಎರಡು ಹಿಡಿ ಬೀಜ ಹಾಕಿ ಮೂರ್ನಾಲ್ಕು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ತಿರುಗಿಸಿ. ಒಂದೇ ಸಮ ಓಡಿಸಿದರೆ ಬಿಸಿಯಾಗುತ್ತದೆ. ಆಮೇಲೆ ಸಾಣಿಗೆಯಲ್ಲಿ ಸೋಸಿ, ಮೇಲೆ ಉಳಿದ ದಪ್ಪ ಚೂರನ್ನು ಮತ್ತೊಮ್ಮೆ ಹಾಕಿ. ಗ್ರೈಂಡರಿನಷ್ಟು ಸಮ ಬರುವುದಿಲ್ಲ, ಆದರೆ ಹಳೇ ಪಾಕೀಟಿನ ಪುಡಿಗಿಂತ ನೂರು ಪಾಲು ಮೇಲು. ಅಕ್ಕಿಯ ಉಪಾಯ ಕೈ ಗ್ರೈಂಡರಿಗೆ ಬೇಡ, ಹಲ್ಲು ಹಾಳಾಗಬಹುದು. ಅದಕ್ಕೆ ಒಣ ಬ್ರಷ್ ಸಾಕು.

ಬೀಜವನ್ನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಹಾಗಂತ ಫ್ರಿಜ್ಜಿನಲ್ಲಿಟ್ಟು ದಿನಾ ತೆಗೆಯಬೇಡಿ. ತಣ್ಣನೆ ಬೀಜದ ಮೇಲೆ ಬಿಸಿ ಗಾಳಿಯ ತೇವ ಕೂರುತ್ತದೆ. ಮನೆಯಲ್ಲಿ ತಂಪಾದ ಮೂಲೆ ಯಾವುದೋ ಅಲ್ಲಿಡಿ. ನಮ್ಮಲ್ಲಿ ಅದು ಜೋಳದ ಚೀಲದ ಹಿಂದೆ.

ನೀರು

ಬೋರ್‌ವೆಲ್ಲಿನ ಸವಳು ನೀರಲ್ಲಿ ಕಾಫಿ ಆಗುವುದಿಲ್ಲ. ಅದರ ಸುಣ್ಣದ ಅಂಶ ಕಾಫಿಯ ಒಳ್ಳೇ ಹುಳಿಯನ್ನು ನುಂಗಿಹಾಕುತ್ತದೆ, ಸಪ್ಪೆ ಸೀಮೆಸುಣ್ಣದ ರುಚಿ ಉಳಿಯುತ್ತದೆ. ಬರೀ ಆರ್‌ಒ ನೀರೂ ಅಷ್ಟಕ್ಕಷ್ಟೇ, ಖನಿಜ ತೀರಾ ಕಡಿಮೆಯಾದರೆ ರುಚಿ ತೆಳ್ಳಗಾಗುತ್ತದೆ. ನಳದಲ್ಲಿ ಕೃಷ್ಣಾ ನದಿಯ ನೀರು ಬಂದ ದಿನ ಒಂದು ಕೊಡ ಕಾಫಿಗೆಂದೇ ಹಿಡಿದಿಡಿ. ಅದೂ ಇಲ್ಲವೆಂದರೆ ಆರ್‌ಒ ನೀರಿಗೆ ಕಾಲು ಭಾಗ ಬೋರ್‌ವೆಲ್ ನೀರು ಬೆರೆಸಿ.

ಡಿಕಾಕ್ಷನ್

ಡಿಕಾಕ್ಷನ್ ಅಂದರೆ ಫಿಲ್ಟರಿನಿಂದ ಹನಿಹನಿಯಾಗಿ ಇಳಿಯುವ ಗಟ್ಟಿ ಕಾಫಿ. ಮೂರು ಸಣ್ಣ ಲೋಟ ಕಾಫಿಗೆ 20 ಗ್ರಾಂ ಪುಡಿ, 140 ಮಿಲಿ ನೀರು. ತಕ್ಕಡಿ ಬಳಸಿ ಎನ್ನುತ್ತೇನೆ. ಚಮಚದ ಲೆಕ್ಕದಲ್ಲಿ ಒಬ್ಬರ ಗುಡ್ಡೆ ಇನ್ನೊಬ್ಬರ ಸಪಾಟು.

ಫಿಲ್ಟರನ್ನು ಬಿಸಿನೀರಲ್ಲಿ ತೊಳೆದು ಒರೆಸಿ. ಮೇಲಿನ ಪಾತ್ರೆಗೆ ಪುಡಿ ಹಾಕಿ, ಪಕ್ಕಕ್ಕೆ ಒಂದೆರಡು ಸಲ ತಟ್ಟಿ ಸಮ ಮಾಡಿ. ಬೆರಳಿಂದ ಒತ್ತಿ ಗಟ್ಟಿ ಮಾಡಬೇಡಿ. ಕೊಡೆಯಂಥ ಒತ್ತು ತಟ್ಟೆಯನ್ನು ಮೇಲೆ ಹಗುರವಾಗಿ ಇಡಿ. ನಮ್ಮೂರು ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಗ್ಯಾಸ್ ಆರಿಸಿ ಅರ್ಧ ನಿಮಿಷ ಬಿಟ್ಟರೆ ಸಾಕು, ಹದಕ್ಕೆ ಬಂದಿರುತ್ತದೆ.

ಮೊದಲು ಪುಡಿ ನೆನೆಯುವಷ್ಟು, 30–40 ಮಿಲಿ ಮಾತ್ರ ಸುತ್ತಲೂ ಹಾಕಿ. ಅರ್ಧ ನಿಮಿಷ ಕಾಯಿರಿ. ಪುಡಿ ಉಬ್ಬಿ ಗುಳ್ಳೆ ಎದ್ದರೆ ಬೀಜ ತಾಜಾ ಇದೆ ಎಂದರ್ಥ. ಏನೂ ಆಗದಿದ್ದರೆ ಅಂಗಡಿಯವನು ಹಳೇ ಮಾಲು ಕೊಟ್ಟಿದ್ದಾನೆ. ಉಳಿದ ನೀರು ಹಾಕಿ ಮುಚ್ಚಿಬಿಡಿ. ಕಲಕಬೇಡಿ, ಒತ್ತಬೇಡಿ, ಇಣುಕಬೇಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಸುಮಾರು 100 ಮಿಲಿ ಕೆಳಗೆ ಬಂದಿರುತ್ತದೆ. ಉಳಿದದ್ದು ಪುಡಿ ಕುಡಿದಿರುತ್ತದೆ.

ಐದು ನಿಮಿಷಕ್ಕೇ ಎಲ್ಲ ಇಳಿದುಬಿಟ್ಟರೆ ಪುಡಿ ದಪ್ಪ. ನಾಳೆ ತಿರುಪು ಸ್ವಲ್ಪ ಬಿಗಿ ಮಾಡಿ. ಮುಕ್ಕಾಲು ಗಂಟೆಯಾದರೂ ಇಳಿಯದಿದ್ದರೆ ಸಣ್ಣ ಆಯಿತು, ಸಡಿಲ ಮಾಡಿ. ಹುಳಿ ಬಂದರೆ ಸಣ್ಣ ಮಾಡಿ, ನಾಲಿಗೆ ಒಣಗುವ ಕಹಿ ಬಂದರೆ ದಪ್ಪ ಮಾಡಿ. ಒಂದು ದಿನಕ್ಕೆ ಒಂದೇ ಬದಲಾವಣೆ. ಪುಡಿ, ನೀರು, ಬಿಸಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು.

ಒಮ್ಮೊಮ್ಮೆ ಎಲ್ಲ ಸರಿ ಇದ್ದೂ ಹನಿ ನಿಂತುಬಿಡುತ್ತದೆ. ಕೆಳಗಿನ ಪಾತ್ರೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮೇಲಿನದನ್ನು ಸ್ವಲ್ಪ ಎತ್ತಿ ಮತ್ತೆ ಕೂರಿಸಿ. ಅದಕ್ಕೂ ಇಳಿಯದಿದ್ದರೆ ತೂತು ಕಟ್ಟಿದೆ. ಮೇಲಿನ ಪಾತ್ರೆ ಖಾಲಿ ಮಾಡಿ, ಇಕ್ಕಳದಲ್ಲಿ ಹಿಡಿದು ಅದರ ತಳವನ್ನು ಸಣ್ಣ ಉರಿಗೆ ತೋರಿಸಿ, ಸಿಕ್ಕಿದ ಪುಡಿ ಸುಟ್ಟು ಉದುರುತ್ತದೆ. ಆಮೇಲೆ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ.

ಹಾಲು, ಸಿಹಿ

ನಮ್ಮ ಕಡೆ ಎಮ್ಮೆ ಹಾಲು ಜಾಸ್ತಿ. ಅದರ ಕೊಬ್ಬು ಕಾಫಿಯ ಪರಿಮಳವನ್ನು ಮುಚ್ಚಿಬಿಡುತ್ತದೆ. ಆಕಳ ಹಾಲಾದರೆ ಹಾಗೇ ಬಳಸಿ, ಎಮ್ಮೆ ಹಾಲಾದರೆ ನಾಲ್ಕು ಪಾಲಿಗೆ ಒಂದು ಪಾಲು ನೀರು ಹಾಕಿ. ಗೌಳಿ ಆಗಲೇ ಹಾಕಿದ್ದರೆ ಬೇಡ. ಒಮ್ಮೆ ಉಕ್ಕಿದರೆ ಇಳಿಸಿಬಿಡಿ. ಲೋಟಕ್ಕೆ 30 ಮಿಲಿ ಡಿಕಾಕ್ಷನ್, ಅದರ ಮೇಲೆ 100 ಮಿಲಿ ಬಿಸಿ ಹಾಲು. ಎರಡನ್ನೂ ಸೇರಿಸಿ ಒಲೆಯ ಮೇಲೆ ಇಡಬೇಡಿ. ಡಿಕಾಕ್ಷನ್ ತಣ್ಣಗಾಗಿದ್ದರೆ ಅದರ ಪಾತ್ರೆಯನ್ನು ಬಿಸಿನೀರಿನಲ್ಲಿ ಕೂರಿಸಿ.

ಸಕ್ಕರೆ ನಿಮ್ಮಿಷ್ಟ. ನಮ್ಮವ್ವನಿಗೆ ಬೆಲ್ಲ ಬೇಕು, ಅದೂ ಮಹಾಲಿಂಗಪುರದ್ದು. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ. ಪುಡಿ ಮಾಡಿ ಲೋಟದ ತಳಕ್ಕೆ ಹಾಕಿ, ಬಿಸಿ ಡಿಕಾಕ್ಷನ್ನಿನಲ್ಲಿ ಕರಗಿಸಿ, ಕೊನೆಗೆ ಹಾಲು ಸುರಿಯಿರಿ. ಅವ್ವ ಅದನ್ನು ಬಸಿಗೆ ಹಾಕಿಕೊಂಡು ಸುರ್ರೆಂದು ಕುಡಿದು "ಚಲೋ ಆಗೇತಿ, ಆದ್ರ ಚಹಾ ಅಲ್ಲ ಬಿಡು" ಎನ್ನುತ್ತಾಳೆ.

ನೆಂಟರು ಬರುವವರಿದ್ದರೆ ಫಿಲ್ಟರ್ ಗಂಟಲವರೆಗೆ ತುಂಬಬೇಡಿ. ಪುಡಿ ಪಾತ್ರೆಯ ಅರ್ಧ ದಾಟಿದರೆ ನೀರಿಗೆ ಜಾಗ ಇರುವುದಿಲ್ಲ, ಇಳಿಯುವುದೂ ಇಲ್ಲ. ದೊಡ್ಡ ಫಿಲ್ಟರ್ ಇಡಿ, ಇಲ್ಲ ಎರಡು ಇಡಿ. ರಾತ್ರಿಯೇ ಇಳಿಸಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮುಂಜಾನೆಗೆ ನಡೆಯುತ್ತದೆ, ಮರುದಿನ ಸಂಜೆಗೆ ಬೇಡ. ಹೇಳದೆ ಕೇಳದೆ ಬಂದು "ಬಸ್ಸಿಗೆ ಹೊತ್ತಾತು" ಎನ್ನುವವರಿಗೆ ಸುಮ್ನೆ ಚಹಾ ಇಟ್ಟುಬಿಡಿ.