ಹಳೇ ಮಿಲಿಟರಿ ಜೀಪಿನ ಹಾಫ್ ಶಾಫ್ಟ್ ಮುರಿದಾಗ

ಗೇರ್ ಬೀಳುತ್ತದೆ, ಕ್ಲಚ್ ಬಿಟ್ಟರೂ ಗಾಡಿ ಕದಲುವುದಿಲ್ಲ. ಬಗ್ಗಿ ನೋಡಿದರೆ ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ತಿರುಗು ಬಲ ಒಯ್ಯುವ ಉದ್ದ ದಂಡ, ಅಂದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್, ಗಿರಗಿರ ತಿರುಗುತ್ತಿದೆ. ಹಾಗಾದರೆ ಹಿಂದಿನ ಎರಡು ಹಾಫ್ ಶಾಫ್ಟ್‌ಗಳಲ್ಲಿ (ಆಕ್ಸಲ್ ಒಳಗೆ ಒಂದೊಂದು ಚಕ್ರವನ್ನು ತಿರುಗಿಸುವ ಉಕ್ಕಿನ ದಂಡಗಳಲ್ಲಿ) ಒಂದು ತುಂಡಾಗಿರುವ ಸಾಧ್ಯತೆಯೇ ಹೆಚ್ಚು. ಮಲೆನಾಡಿನ ತೋಟಗಳಲ್ಲಿ ಡಿಸ್ಪೋಸಲ್ ಜೀಪು, ಅಂದರೆ ಸೇನೆ ಬಳಸಿ ಮಾರಿದ ಜೀಪು, ಓಡಿಸಿದವರಿಗೆ ಇದು ಗೊತ್ತಿರುವ ಪಾಡು.

ಸ್ಪ್ಯಾನರ್ ಹಿಡಿಯುವ ಮೊದಲು ಚಕ್ರಗಳಿಗೆ ಕಲ್ಲು ಕೊಡಿ. 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಶಾಫ್ಟ್ ಮುರಿದ ಮೇಲೆ ಲಿವರ್ ಎಷ್ಟು ಎಳೆದರೂ ಹಿಂದಿನ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಇಳಿಜಾರಿನಲ್ಲಿ ಗಾಡಿಯ ಕೆಳಗೆ ಮಲಗುವವರು ಇದನ್ನು ಮರೆಯಲೇಬಾರದು.

ಈಗ ಹಿಂದಿನ ಚಕ್ರದ ಹಬ್‌ನ ನಡುಭಾಗ ನೋಡಿ. ಆರು ಬೋಲ್ಟ್‌ಗಳ ಫ್ಲ್ಯಾಂಜ್ (ಶಾಫ್ಟಿನ ತುದಿಯ ತಟ್ಟೆ) ಇದ್ದರೆ ಅದು ಫುಲ್ ಫ್ಲೋಟಿಂಗ್. ಎಂಬಿಯ ಹಿಂದಿನ ಆಕ್ಸಲ್ ಇದೇ. ಗಾಡಿಯ ಭಾರವನ್ನು ಹಬ್ ಬೇರಿಂಗ್‌ಗಳು ಹೊರುತ್ತವೆ, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಜಾಕ್ ಕೂಡ ಬೇಕಿಲ್ಲ: ಬೋಲ್ಟ್ ಬಿಚ್ಚಿ ಎಳೆದರೆ ಶಾಫ್ಟ್ ಹೊರಗೆ. ನಡುವೆ ಒಂದೇ ದಪ್ಪ ನಟ್, ಅದಕ್ಕೊಂದು ಸ್ಪ್ಲಿಟ್ ಪಿನ್ ಇದ್ದರೆ ಅದು ಯುದ್ಧಾನಂತರದ ಸಿಜೆಗಳಲ್ಲಿ (ಜನಸಾಮಾನ್ಯರಿಗೆಂದು ಮಾಡಿದ ಜೀಪುಗಳಲ್ಲಿ) ಬಂದ ಸೆಮಿ ಫ್ಲೋಟಿಂಗ್. ಇಲ್ಲಿ ಭಾರವೂ ಶಾಫ್ಟಿನ ಮೇಲೆಯೇ. ಬೇರಿಂಗಿನ ಆಚೆ ಮುರಿದರೆ ಚಕ್ರವೇ ಕಳಚಿ ಹೋಗುತ್ತದೆ, ಆದ್ದರಿಂದ ಓಡಿಸುವ ಮಾತೇ ಬೇಡ. ಹಬ್ ಬಿಡಿಸಲು ಪುಲ್ಲರ್ ಬೇಕು. ಶಾಫ್ಟಿನ ತುದಿಗೆ ಸುತ್ತಿಗೆ ಏಟು ಕೊಟ್ಟರೆ ಬೇರಿಂಗ್ ಹಾಳು.

ಹೊರಬಂದ ತುಂಡನ್ನು ಗುಜರಿಗೆ ಎಸೆಯಬೇಡಿ. ಮುರಿದ ಮುಖವನ್ನು ಒರೆಸಿ ಬಿಸಿಲಿಗೆ ಹಿಡಿಯಿರಿ. ಕೆರೆಯ ನೀರು ಇಳಿಯುತ್ತಾ ದಂಡೆಯಲ್ಲಿ ಬಿಟ್ಟ ಗೆರೆಗಳಂತೆ ಒಂದು ಅಂಚಿನಿಂದ ಸಾಲುಸಾಲು ಗೆರೆ, ಆ ಭಾಗ ನುಣುಪು, ಉಳಿದದ್ದು ಸಕ್ಕರೆ ಹರಳಿನಂತೆ ಒರಟು ಎಂದಾದರೆ ಬಿರುಕು ಬಹಳ ದಿನಗಳಿಂದ ಬೆಳೆಯುತ್ತಿತ್ತು. ಅಷ್ಟೇ ದುಡಿದ ಇನ್ನೊಂದು ಬದಿಯ ಶಾಫ್ಟನ್ನೂ ಆಗಲೇ ಬಿಚ್ಚಿ ನೋಡುವುದು ಒಳ್ಳೆಯದು. ಇಡೀ ಮುಖ ಹೊಸದಾಗಿ ತಿರುಚಿಕೊಂಡಂತಿದ್ದರೆ ಒಂದೇ ಏಟಿಗೆ ಹೋಗಿದೆ: ಕೆಸರಿನಲ್ಲಿ ಸುತ್ತುತ್ತಿದ್ದ ಚಕ್ರಕ್ಕೆ ತಟ್ಟನೆ ಗಟ್ಟಿ ನೆಲ ಸಿಕ್ಕಿರಬೇಕು.

ಮುರಿಯದ ಆ ಇನ್ನೊಂದು ಶಾಫ್ಟನ್ನು ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಶಾಫ್ಟಿನ ತುದಿಯಲ್ಲಿ ಉದ್ದುದ್ದ ಕೊರೆದ ಸ್ಪ್ಲೈನ್ ಹಲ್ಲುಗಳ ಉದ್ದಕ್ಕೂ ಉಕ್ಕಿನ ಸ್ಕೇಲ್ ಇಡಿ. ಹಲ್ಲು ಸ್ವಲ್ಪ ತಿರುಚಿದ್ದರೂ ಉಕ್ಕು ಸೋತಿದೆ ಎಂದರ್ಥ, ಮತ್ತೆ ಹಾಕಬೇಡಿ.

ಬೆಸುಗೆ ಖಂಡಿತ ಬೇಡ. ಶಾಫ್ಟಿಗೆ ಬಲ ಬಂದಿರುವುದೇ ಉಕ್ಕನ್ನು ಕಾಯಿಸಿ ಹದಗೊಳಿಸಿದ್ದರಿಂದ. ಬೆಸುಗೆಯ ಕಾವು ಆ ಹದವನ್ನು ಕೆಡಿಸುತ್ತದೆ. ಜೋಡಣೆ ನಿಂತರೂ ಅದರ ಪಕ್ಕದಲ್ಲೇ ಮುರಿಯುತ್ತದೆ.

ಆಕ್ಸಲ್ ಒಳಗೆ ಉಳಿದ ಮುರಿದ ಮೋಟನ್ನು ಮ್ಯಾಗ್ನೆಟ್‌ನಿಂದ ಅಥವಾ ತಂತಿಯ ಕುಣಿಕೆಯಿಂದ ಎಳೆಯಿರಿ. ಬಾರದಿದ್ದರೆ ಎರಡು ಹಾಫ್ ಶಾಫ್ಟ್‌ಗಳಿಗೆ ಬಲ ಹಂಚುವ ಗೇರುಗಳ ಗುಂಪು, ಅಂದರೆ ಡಿಫರೆನ್ಷಿಯಲ್, ಬಿಚ್ಚಬೇಕು. ಬಂದರೂ ಹಿಂದಿನ ಕವರ್ ತೆಗೆದು, ಎಣ್ಣೆ ಬಸಿದು, ತಳದ ಚೂರುಗಳನ್ನು ಬಟ್ಟೆಯಿಂದ ಒರೆಸಿ. ಒಂದು ಚೂರು ಉಳಿದರೂ ಅದರೊಳಗಿನ ಮುಖ್ಯ ಗೇರ್ ಜೋಡಿಯಾದ ಕ್ರೌನ್ ಪಿನಿಯನ್ನಿಗೆ ಕುತ್ತು.

ಹೊಸ ಶಾಫ್ಟ್ ಕೊಳ್ಳುವಾಗ ಹಳೆಯದರ ಎರಡೂ ತುಂಡು ಒಯ್ದು ಉದ್ದ ಅಳೆಯಿರಿ, ಸ್ಪ್ಲೈನ್ ಎಣಿಸಿ. ಎಂಬಿಯ ಡಿಫರೆನ್ಷಿಯಲ್ ಬಲಕ್ಕೆ ಸರಿದಿರುವುದರಿಂದ ಎಡ ಶಾಫ್ಟ್ ಉದ್ದ, ಬಲದ್ದು ಗಿಡ್ಡ. ಸೀಲ್, ಗ್ಯಾಸ್ಕೆಟ್ ಹೊಸದೇ ಇರಲಿ, ಎಣ್ಣೆ ಸೋರಿದರೆ ಬ್ರೇಕ್ ಲೈನಿಂಗ್ ನೆನೆಯುತ್ತದೆ. ಸ್ವಲ್ಪ ದೂರ ಓಡಿಸಿ ಬಂದ ಮೇಲೆ ಆ ಆರು ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.