ಆಂಡೀಸ್‌ನ ಹಳೇ ಬಟ್ಟೆ ನೋಡೋದು ಹೇಗೆ: ಡಿಸೈನ್ ಆಮೇಲೆ, ಮೊದಲು ಅಂಚು

ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ, ಪೆರು ಕಡೆಯ ಹಳೇ ನೇಯ್ಗೆ ಫೋಟೋ ಕಂಡ ತಕ್ಷಣ ಎಲ್ರೂ ಡಿಸೈನ್‌ಗೇ ಹೋಗ್ತಾರೆ, ದಯವಿಟ್ಟು ಅದನ್ನ ಕೊನೇಗಿಟ್ಕೊಳ್ಳಿ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಸೈಟಲ್ಲಿ ಒಂದು ಇಂಕಾ (ಸ್ಪ್ಯಾನಿಷರು ಬರೋಕ್ ಮುಂಚೆ ಅಲ್ಲಿ ಆಳ್ತಿದ್ದವ್ರು) ಅಂಗಿ ಓಪನ್ ಮಾಡಿ, ಝೂಮ್ ಮಾಡಿ, ಅಂಚು ನೋಡಿ. ಬಟ್ಟೆ ಕಟ್ ಮಾಡಿದ ಗುರುತೇ ಇರಲ್ಲ. ನಾಲ್ಕೂ ಅಂಚು ಮಗ್ಗದ ಮೇಲೇ ಮುಗಿದಿರತ್ತೆ, ಕತ್ತಿನ ಸೀಳು ಕೂಡ ನೇಯುವಾಗಲೇ ಬಿಟ್ಟಿದ್ದು, ಅಂದ್ರೆ ಅಂಗಿಯ ಅಳತೆಯೆಲ್ಲಾ ಹಾಸು ಹಾಕೋಕ್ ಮುಂಚೇನೇ ತೀರ್ಮಾನ ಆಗಿರ್ಬೇಕು.

ಆಮೇಲೆ ನೂಲು ಯಾವ್ದು ಅಂತ ನೋಡಿ. ಹತ್ತಿ ಕರಾವಳಿದು, ಅಲ್ಪಾಕ ಅನ್ನೋ ಒಂಟೆ ಜಾತಿಯ ಪ್ರಾಣಿಯ ಉಣ್ಣೆ ಬೆಟ್ಟದ ಮೇಲಿಂದು. ಕರಾವಳಿ ಮರಳುಗಾಡಿನ ಸಮಾಧೀಲಿ ರಾಶಿ ಉಣ್ಣೆ ಸಿಕ್ತು ಅಂದ್ರೆ ಆ ಜನಕ್ಕೆ ಬೆಟ್ಟದವರ ಜೊತೆ ಕೊಡುಕೊಳ್ಳೋದು ಇತ್ತು ಅಂತರ್ಥ. 1927ರಲ್ಲಿ ಪೆರುವಿನ ಪುರಾತತ್ವಜ್ಞ ಹೂಲಿಯೋ ತೆಯೋ ತಂಡ ಅಲ್ಲಿನ ಕರಾವಳಿಯ ಪರಾಕಾಸ್‌ನಲ್ಲಿ ಅಗೆದಾಗ ಬಟ್ಟೆ ಸುತ್ತಿದ 429 ಶವದ ಗಂಟು ಸಿಕ್ವು, ಸುಮಾರು 2000 ವರ್ಷ ಹಳೇವು, ದೊಡ್ಡ ಗಂಟುಗಳಲ್ಲಿ ಒಬ್ಬನೇ ಮನುಷ್ಯನ ಸುತ್ತ ಪದರ ಪದರವಾಗಿ ಕಸೂತಿ ಹೊದಿಕೆಗಳು, ಕೆಲವಂತೂ ಅರ್ಧಕ್ಕೇ ನಿಂತಿರೋ ಕಸೂತಿ, ಹಾಗೇ ಹೂತಿದಾರೆ. ಸತ್ತವನಿಗೆ ಇಷ್ಟೊಂದು ಕೈಗಳ ದುಡಿಮೆ ಸುತ್ತಿ ಕಳಿಸ್ತಿದ್ರು ಅಂದ್ರೆ ಅವನ ಸ್ಥಾನ ಎಂಥದ್ದು ಅಂತ ಬೇರೆ ಹೇಳ್ಬೇಕಾ?

ಬಣ್ಣ ಸುಲಭ. ಗಾಢ ಕೆಂಪು ಹೆಚ್ಚಾಗಿ ಪಾಪಾಸುಕಳ್ಳಿ ಮೇಲೆ ಬದುಕೋ ಕೊಚಿನೀಲ್ ಹುಳದ್ದು, ನೀಲಿ ನಮಗೂ ಗೊತ್ತಿರೋ ಇಂಡಿಗೋ. ಪೆರು ಕರಾವಳಿಯ ವಾಕಾ ಪ್ರಿಯೆಟಾ ಅನ್ನೋ ಹಳೇ ನೆಲೆಯಲ್ಲಿ ಸಿಕ್ಕ ಇಂಡಿಗೋ ಹಾಕಿದ ಹತ್ತಿ ಬಟ್ಟೆಗೆ ಸುಮಾರು 6000 ವರ್ಷ!

ಈಗ ನೇಯ್ಗೆಯ ದರ್ಜೆ. ಇಂಕಾಗಳಲ್ಲಿ ಸಾದಾ ಬಟ್ಟೆಗೆ ಅವಾಸ್ಕ, ಅತಿ ನಯವಾದದ್ದಕ್ಕೆ ಕುಂಬಿ. ಹಿಂಭಾಗದ ಫೋಟೋ ಸಿಕ್ರೆ ಬಿಡ್ಬೇಡಿ, ಒಳ್ಳೇ ಕುಂಬಿ ಎರಡೂ ಕಡೆ ಒಂದೇ ಥರ ಕಾಣತ್ತೆ. ಸಾದಾದನ್ನ ಮನೆಮನೆಯವ್ರೂ ರಾಜ್ಯಕ್ಕೆ ತೆರಿಗೆ ದುಡಿಮೆಯಾಗಿ ನೇಯ್ಕೊಡ್ಬೇಕಿತ್ತು, ಕುಂಬಿ ನೇಯೋಕೆ ಮಾತ್ರ ಬೇರೇನೇ ಜನ, ಅಕ್ಲಾ ಅಂತ ಆರಿಸಿ ತಂದ ಹೆಣ್ಮಕ್ಕಳು ಮತ್ತೆ ಗಂಡಸು ನೇಕಾರರು. ರಾಜ ಅದನ್ನ ಗೆದ್ದ ನಾಡಿನ ಮುಖಂಡರಿಗೆ, ಸೇನಾಪತಿಗಳಿಗೆ ಕೊಡ್ತಿದ್ದ, ಈಸ್ಕೊಂಡವ್ರು ಅವನ ಋಣಕ್ಕೆ ಬಿದ್ದಂಗೇ. ಚಿನ್ನಕ್ಕಿಂತ ಬಟ್ಟೆಗೇ ಹೆಚ್ಚು ಬೆಲೆ ಇತ್ತು ಅಂದ್ರೆ ನನಗೆ ಆಶ್ಚರ್ಯ ಆಗಲ್ಲ.

ಕೊನೇಗೆ ಡಿಸೈನ್. ಕಪ್ಪು ಬಿಳಿ ಚದುರಂಗದ ಮನೆ, ಕತ್ತಿನ ಹತ್ರ ಕೆಂಪು ಇದ್ರೆ ಅದು ಸೈನ್ಯದ ಅಂಗಿ, 1532ರಲ್ಲಿ ಪೆರುವಿನ ಕಾಹಮಾರ್ಕಾದಲ್ಲಿ ಇಂಕಾ ರಾಜ ಅತಾವಾಲ್ಪನ ಜನ ಇಂಥದ್ದೇ ಹಾಕಿದ್ರು ಅಂತ ಸ್ಪ್ಯಾನಿಷರು ಬರೆದಿಟ್ಟಿದಾರೆ. ವಾಷಿಂಗ್ಟನ್‌ನ ಡಂಬಾರ್ಟನ್ ಓಕ್ಸ್‌ನಲ್ಲಿರೋ ರಾಜಯೋಗ್ಯ ಅಂಗಿ ಪೂರ್ತಿ ತೊಕಾಪು ಅನ್ನೋ ಪುಟ್ಟ ಚೌಕಗಳು, ಅವುಗಳಲ್ಲಿ ಹುಡುಕಿದ್ರೆ ಅದೇ ಸೈನಿಕರ ಅಂಗಿ ಚಿಕ್ಕದಾಗಿ ಸಿಗತ್ತೆ, ತನ್ನ ಸೈನ್ಯವನ್ನೇ ಮೈಮೇಲೆ ಹಾಕ್ಕೊಂಡಂಗೆ! ತೊಕಾಪು ಲಿಪಿ, ಓದಿಬಿಟ್ವಿ ಅನ್ನೋ ವಿಡಿಯೋಗಳನ್ನ ಮಾತ್ರ ನಂಬ್ಬೇಡಿ, ಅದು ಇನ್ನೂ ಸಾಬೀತಾಗಿಲ್ಲ.

ಲೇಬಲ್‌ನಲ್ಲಿ ಎಲ್ಲಿ ಸಿಕ್ಕಿದ್ದು ಅಂತ ಇದೆಯಾ ಅದನ್ನೂ ಓದಿ. ಕೆಲವು ಪರಾಕಾಸ್ ಬಟ್ಟೆಗಳು ಕಳ್ಳಸಾಗಣೆಯಾಗಿ ಸ್ವೀಡನ್ನಿನ ಗೋಥೆನ್‌ಬರ್ಗ್ ಸೇರಿದ್ವು, 2014ರಿಂದ ಪೆರುಗೆ ವಾಪಸ್ ಬರೋಕೆ ಶುರುವಾಯ್ತು. ಸಮಾಧಿ ಕಿತ್ತು ಮಾರಿದ ತುಂಡಲ್ಲಿ ಯಾರ ಜೊತೆ, ಎಷ್ಟನೇ ಪದರದಲ್ಲಿತ್ತು ಅನ್ನೋ ಮಾಹಿತಿ ಹೋಗಿಬಿಟ್ಟಿರತ್ತೆ, ಅದಕ್ಕೇ ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟ ತುಂಡು ಕಂಡ್ರೆ ಕೊಳ್ಳೋಕ್ ಹೋಗ್ಬೇಡಿ.