ನಮ್ಮ ಮುಧೋಳ ನಾಯಿ ರಸ್ತೆ ಮೂಳೆ ಬಿಟ್ಟಿದ್ದು ಹೀಗೆ

"ಬ್ಯಾಟಿ ನಾಯಿ ರೀ ಅದು, ನಿಮ್ಮ ಮಾತು ಎಲ್ಲಿ ಕೇಳತೈತಿ" ಅಂತ ಪಕ್ಕದ ಮನೆ ಕಾಕಾ ನಕ್ಕಿದ್ದರು. ಈಗ ನಮ್ಮ ರಾಣಿ ವಿಜಯಪುರದ ಸ್ಟೇಷನ್ ರೋಡಿನಲ್ಲಿ ಎಗ್ ರೈಸ್ ಗಾಡಿ ಮುಂದೆ ಬಿದ್ದ ಕೋಳಿ ಮೂಳೆ ನೋಡಿ, ಕತ್ತೆತ್ತಿ ನನ್ನ ಮುಖ ನೋಡುತ್ತಾಳೆ. ಕಾಕಾ ಸುಮ್ಮನಾಗಿದ್ದಾರೆ.

ಚೈನ್ ಜಗ್ಗುವುದು, ಬೈಯುವುದು, ಬಾಯಿಗೆ ಕೈ ಹಾಕಿ ತೆಗೆಯುವುದು ಎಲ್ಲಾ ಮಾಡಿ ನೋಡಿದ್ದಾಯಿತು. ಅವಳು ಕಲಿತಿದ್ದು ಒಂದೇ, ಗಬಕ್ಕನೆ ನುಂಗುವುದು. ಹೊಟ್ಟೆ ತುಂಬಿಸಿ ಕರೆದೊಯ್ದರೂ ಅಷ್ಟೇ. ಬೆಂದ ಮೂಳೆ ಸೀಳಿ ಚೂಪಾಗುತ್ತದೆ, ಗೊತ್ತಲ್ವಾ, ಒಂದು ಸಲ ಎಕ್ಸ್‌ರೇ, ಸಲೈನ್, ಔಷಧ ಸೇರಿ ಏಳೆಂಟು ಸಾವಿರ ಹೋಯಿತು.

ನಾಯಿ ಬಾಯಿಗೆ ಹಾಕುವ ಕವಚ, ಮಝಲ್‌ದು ಬೇರೆ ಗೋಳು. ಮುನ್ನೂರು ರೂಪಾಯಿಯ ಚರ್ಮದ್ದು ಬಾಯಿ ಪೂರ್ತಿ ಬಿಗಿಯುತ್ತಿತ್ತು. ನಮ್ಮ ಏಪ್ರಿಲ್ ಬಿಸಿಲಲ್ಲಿ ನಾಯಿ ಬಾಯಿ ತೆರೆದು ತೇಕದಿದ್ದರೆ ಸತ್ತೇ ಹೋಗುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಲ್ಯಾಬ್ರಡಾರ್ ನಾಯಿ ಸೈಜಿನದು ಮುಧೋಳದ ಸಪೂರ ಮೂತಿಗೆ ತಿರುಗಿ ತಿರುಗಿ ಕೂತಿತು. ಕೊನೆಗೆ ಉದ್ದ ಮೂತಿಯ ತಂತಿ ಬುಟ್ಟಿ, ಸಾವಿರದ ಚಿಲ್ಲರೆ. ಅದನ್ನು ಹಾಕಿಕೊಂಡೇ ನೀರು ಕುಡಿಯಲು ಬರಬೇಕು, ಅದೇ ಅಳತೆ. "ಎತ್ತಿಗೆ ಕುಕ್ಕೆ ಹಾಕಿದಂಗ ಆತಲ್ಲ" ಅಂದರು ಕಾಕಾ. ಅನ್ನಲಿ ಬಿಡಿ.

ಆದರೆ ಬುಟ್ಟಿ ಬರೀ ಕಾವಲು, ಪಾಠ ನಡೆದದ್ದು ಮಾಳಿಗೆ ಮೇಲೆ. ಮೂಳೆ ಇಟ್ಟು, ಅದರ ಮೇಲೆ ಹಳೇ ಜರಡಿ ಬೋರಲು ಹಾಕಿ, ಮೇಲೊಂದು ಇಟ್ಟಂಗಿ. ವಾಸನೆ ಬರುತ್ತದೆ, ಬಾಯಿಗೆ ಸಿಗುವುದಿಲ್ಲ. ಕೆರೆದಳು, ನೆಕ್ಕಿದಳು, ಕುಂಯ್‌ಗುಟ್ಟಿದಳು. ನಾನು ಕರೆಯಲೇ ಇಲ್ಲ. ಬೇಸತ್ತು ನನ್ನ ಕಡೆ ತಿರುಗಿದ ಕೂಡಲೇ "ಹಾಂ" ಅಂದು ಲಿವರ್ ಚೂರು ಕೊಟ್ಟೆ. ತಾನಾಗಿ ತಿರುಗುವುದು ರೂಢಿಯಾದ ಮೇಲಷ್ಟೇ "ಬಿಡು" ಅನ್ನುವ ಮಾತು ಸೇರಿಸಿದೆ. ಆಮೇಲೆ ಜರಡಿ ತೆಗೆದು ಬುಟ್ಟಿ ಹಾಕಿ ಅದೇ ಆಟ, ಆಮೇಲೆ ಬೀದಿ. ಎರಡು ಮೂರು ತಿಂಗಳು ಹಿಡಿದಿರಬಹುದು.

ಏನು ಕೊಟ್ಟರೆ ಮೂಳೆ ಮರೆಯುತ್ತಾಳೆ ಅಂತಲೂ ನೋಡಿದೆ. ಜೋಳದ ರೊಟ್ಟಿಗೆ ಬೆಲೆಯೇ ಇಲ್ಲ. ಉಪ್ಪಿಲ್ಲದ ಹುರಿದ ಶೇಂಗಾ ಕೊಟ್ಟರೆ ಬಿದ್ದ ಬಜ್ಜಿ ಬಿಡುತ್ತಾಳೆ, ಮೂಳೆ ಬಿಡುವುದಿಲ್ಲ. ಪನೀರ್ ಪರವಾಗಿಲ್ಲ, ಆದರೆ ದುಬಾರಿ. ಗೆದ್ದಿದ್ದು ಬೇಯಿಸಿ ಮಾಳಿಗೆ ಬಿಸಿಲಿಗೆ ಒಣಗಿಸಿದ ಕುರಿ ಲಿವರ್. ವಾರಕ್ಕೆ ನೂರೈವತ್ತರ ಒಳಗೆ. ಉಗುರಿನಷ್ಟು ಚೂರು ಸಾಕು, ಜಾಸ್ತಿಯಾದರೆ ಭೇದಿ. ಅದಕ್ಕೆ ಏನು ಸವರುತ್ತೇನೆ ಅನ್ನುವುದು ನನ್ನ ಗುಟ್ಟು, ಉಪ್ಪು, ಖಾರ, ಉಳ್ಳಾಗಡ್ಡಿ ಅಂತೂ ಅಲ್ಲ.

ಇಷ್ಟಾದರೂ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ಬುಟ್ಟಿ ಬಿಚ್ಚುವುದಿಲ್ಲ. ನಮ್ಮದು ದ್ರಾಕ್ಷಿ ಊರು, ತಿನ್ನುವ ಶಿರಾದಲ್ಲೂ ಒಣದ್ರಾಕ್ಷಿ ಇರುತ್ತದೆ. ಕೆಲವು ನಾಯಿಗಳಿಗೆ ಸ್ವಲ್ಪವೇ ತಿಂದರೂ ಕಿಡ್ನಿ ಕೈಕೊಡುತ್ತದೆ, ಯಾವ ನಾಯಿಗೆ ಎಷ್ಟು ಅಂತ ಮೊದಲೇ ಹೇಳಲು ಬರುವುದಿಲ್ಲ. ತಿಂದಿದ್ದು ಕಂಡರೆ ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ, ಅದೇ ವಿಷವಾಗಬಹುದು. ಮೂಳೆ ನುಂಗಿದ್ದರಂತೂ ಮನೆಯಲ್ಲಿ ವಾಂತಿ ಮಾಡಿಸಲೇಬಾರದು, ಬರುವಾಗ ಗಂಟಲು ಕೊಯ್ಯುತ್ತದೆ. ಎರಡಕ್ಕೂ ನೇರ ಡಾಕ್ಟರ್ ಹತ್ತಿರ ಹೋಗಿ, ರಾತ್ರಿಯಾದರೂ ಸರಿ.